ಉಣ್ಣಿಗೂ ಒಂದು ಪಂಚಾಂಗ

ನಮ್ಮ ಬೆಳಗಾವಿ ಜಿಲ್ಲೆಯ ಏಕಸಂಬಿಯ ಯಾವುದಾದರೂ ಕೊಟ್ಟಿಗೆಗೆ ಹೋಗಿ ಜರ್ಸಿ ಆಕಳ ಕಿವಿಯನ್ನು ಮೆಲ್ಲಗೆ ಮಗುಚಿ ನೋಡಿ. ಮಳೆ ಹಿಂದೆ ಸರಿದು ಬಿಸಿಲು ಬಿದ್ದ ದಿನಗಳಾದರೆ ಕಿವಿಯ ಒಳಬದಿ, ಗಂಗೆದೊಗಲು, ಕೆಚ್ಚಲ ಸಂದು, ಬಾಲದ ಬುಡ, ಹೀಗೆ ಚರ್ಮ ತೆಳುವಾಗಿರುವ ಕಡೆಯಲ್ಲೆಲ್ಲ ಬೂದು ಬಣ್ಣದ ಕಾಳುಗಳು ಕಚ್ಚಿಕೊಂಡಿರುತ್ತವೆ. ಉಣ್ಣಿ! ದನ ಕಟ್ಟಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ‘ಮಳಿ ಬಿದ್ದು ಬಿಸಲ ಬಿತ್ತಂದ್ರ ಉಣ್ಣಿ ಹೆಚ್ಚಾಗ್ತಾವ’ ಎಂದು ನಮ್ಮ ಕಡೆ ಎಲ್ಲರೂ ಅನ್ನುವವರೇ. ಆದರೆ ಭೂತಗನ್ನಡಿ ಹಿಡಿದು ಒಮ್ಮೆ ನೋಡಿ. ನೋಡಿದವರು ಕನ್ನಡಿಯನ್ನು ಕೆಳಗಿಡಲಾರರು.

ಮೊದಲು ಕಾಣುವುದು ಎಂಟು ಕಾಲು. ಅಂದರೆ ಇದು ಕೀಟವಲ್ಲ, ಜೇಡ ಚೇಳುಗಳ ಬಳಗ. ಬಾಯಿಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳುಗಳ ಸಾಲು. ಒಮ್ಮೆ ಒಳಗೆ ಹೊಕ್ಕರೆ ಎಳೆದರೂ ಬರದಂಥ ಹಿಡಿತ. ಅದೂ ಸಾಲದೆಂದು ಜೊಲ್ಲಿನಿಂದ ಒಂದು ಅಂಟನ್ನು ಸ್ರವಿಸಿ ಬಾಯಿಯ ಸುತ್ತ ಗಾರೆ ಹಾಕಿದಂತೆ ಗಟ್ಟಿ ಮಾಡಿಕೊಳ್ಳುತ್ತದೆ. ಅದೇ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವಿದೆ, ನೋವು ಗೊತ್ತಾಗದಂತೆ ಮಾಡುವ ರಸವಿದೆ, ಕಚ್ಚಿಸಿಕೊಂಡ ಪ್ರಾಣಿಯ ರೋಗನಿರೋಧಕ ಶಕ್ತಿಯನ್ನೇ ಆ ಜಾಗದಲ್ಲಿ ಮಂಕು ಮಾಡುವ ರಸವೂ ಇದೆ. ಒಂದು ಹನಿಗೂ ಕಡಿಮೆ ಜೊಲ್ಲಿನಲ್ಲಿ ಇಷ್ಟೊಂದು ಔಷಧಿ! ಯಾವ ಕಾರ್ಖಾನೆಯೂ ಇನ್ನೂ ಪೂರ್ತಿ ಮಾಡಲಾಗದ ರಸಾಯನವನ್ನು ಅದು ಕೋಟ್ಯಂತರ ವರ್ಷಗಳಿಂದ ಮಾಡಿಕೊಂಡು ಬಂದಿದೆ.

ಮುಂಗಾಲುಗಳನ್ನು ನೋಡಿ. ನಡೆಯುವಾಗಲೂ ಅದು ಆ ಎರಡು ಕಾಲುಗಳನ್ನು ಮೇಲೆತ್ತಿ ಆಡಿಸುತ್ತಲೇ ಇರುತ್ತದೆ. ಕಾರಣ ಗೊತ್ತಾದಾಗ ನಾನು ಬೆರಗಾದೆ. ಉಣ್ಣಿಯ ಮೂಗು ಇರುವುದು ಮುಖದಲ್ಲಲ್ಲ, ಮುಂಗಾಲಿನ ತುದಿಯಲ್ಲಿ! ಅಲ್ಲೊಂದು ಸೂಕ್ಷ್ಮ ಗುಳಿಯಿದೆ, ವಿಜ್ಞಾನಿಗಳು ಅದನ್ನು ಹಾಲರ್ ಅಂಗ ಎನ್ನುತ್ತಾರೆ. ಪ್ರಾಣಿಯ ಉಸಿರಿನಲ್ಲಿ ಬರುವ ಇಂಗಾಲದ ಡೈ ಆಕ್ಸೈಡ್, ಮೈಯ ಕಾವು, ಬೆವರು ಮೂತ್ರಗಳ ಅಮೋನಿಯಾ ವಾಸನೆ ಎಲ್ಲವೂ ಅದಕ್ಕೆ ಅಲ್ಲಿಂದಲೇ ತಿಳಿಯುತ್ತವೆ. ಅದಕ್ಕೆ ರೆಕ್ಕೆಯಿಲ್ಲ, ಜಿಗಿಯಲೂ ಬರುವುದಿಲ್ಲ. ಹುಲ್ಲಿನ ತುದಿ ಹತ್ತಿ ಮುಂಗಾಲು ಚಾಚಿ ಕೂತಿರುತ್ತದೆ. ಒಂದು ದಿನ, ಒಂದು ವಾರ, ಬೇಕಾದರೆ ತಿಂಗಳುಗಟ್ಟಲೆ ಅನ್ನ ನೀರಿಲ್ಲದೆ. ಅತ್ತ ಕಡೆಯಿಂದ ಒಂದು ಉಸಿರು ತೇಲಿ ಬಂತೋ, ಎಚ್ಚರ!

ನಮ್ಮ ದನಗಳಿಗೆ ಹತ್ತುವ ಉಣ್ಣಿಗಳಲ್ಲಿ ರಿಪಿಸೆಫಾಲಸ್ ಮೈಕ್ರೋಪ್ಲಸ್ ಎಂಬ ಜಾತಿ ಮುಖ್ಯವಾದದ್ದು. ಇದು ಒಂದೇ ದನದ ಮೈಮೇಲೆ ಮರಿಯಾಗಿ ಹತ್ತಿ, ಪೊರೆ ಬಿಟ್ಟು, ಬಲಿತು, ಜೋಡಿಯಾಗಿ, ಸುಮಾರು ಮೂರು ವಾರದಲ್ಲಿ ತನ್ನ ಕೆಲಸ ಮುಗಿಸುತ್ತದೆ. ಹೆಣ್ಣು ಉಣ್ಣಿ ಅಷ್ಟು ದಿನ ಸ್ವಲ್ಪ ಸ್ವಲ್ಪವೇ ಕುಡಿಯುತ್ತಾ ಇರುತ್ತದೆ. ಕೊನೆಯ ಒಂದು ರಾತ್ರಿಯಲ್ಲಿ ಮಾತ್ರ ಅದು ರಕ್ತ ಕುಡಿಯುವ ರಭಸವೇ ಬೇರೆ. ಬಲೂನಿನಂತೆ ಉಬ್ಬುತ್ತದೆ. ಬೆಳಗಿನ ಜಾವದಿಂದ ಹೊತ್ತೇರುವುದರೊಳಗೆ ಕಳಚಿ ನೆಲಕ್ಕೆ ಬೀಳುತ್ತದೆ. ಆ ಹೊತ್ತಿಗೆ ದನ ಎಲ್ಲಿರುತ್ತದೆ? ಕೊಟ್ಟಿಗೆಯಲ್ಲೇ, ಗ್ವಾದಲಿಯ ಮುಂದೆ! ಬಿದ್ದ ಉಣ್ಣಿ ಗೋಡೆಯ ಸಂದಿಗೆ, ಹಾಸುಗಲ್ಲಿನ ಬಿರುಕಿಗೆ, ಗೊಬ್ಬರದ ಅಂಚಿಗೆ ತೆವಳಿ ಹೋಗಿ ಎರಡು ಮೂರು ಸಾವಿರ ಮೊಟ್ಟೆ ಇಟ್ಟು ಸಾಯುತ್ತದೆ. ಕೊಟ್ಟಿಗೆಯ ಗೋಡೆಯ ಬಿರುಕುಗಳು ಅದರ ಬಾಣಂತಿಮನೆ. ಹಾಗಾಗಿ ದನದ ಮೈಗೆ ಎಷ್ಟು ಔಷಧಿ ಹೊಡೆದರೂ ಬಿರುಕನ್ನು ಮುಚ್ಚದ ಮನೆಯಲ್ಲಿ ಮತ್ತೆ ತಿಂಗಳೊಪ್ಪತ್ತಿನಲ್ಲಿ ಉಣ್ಣಿ ತುಂಬಿಕೊಳ್ಳುತ್ತದೆ.

ಇಷ್ಟು ಚಿಕ್ಕ ಪ್ರಾಣಿ ಅಷ್ಟು ದೊಡ್ಡ ಆಕಳನ್ನು ಮಲಗಿಸಬಲ್ಲದೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಕಥೆ ಇನ್ನೂ ಸೊಗಸು. ಅಮೆರಿಕದಲ್ಲಿ ಟೆಕ್ಸಾಸ್ ಕಡೆಯಿಂದ ದನದ ಹಿಂಡು ಹಾದುಹೋದ ದಾರಿಯಲ್ಲೆಲ್ಲ ಸ್ಥಳೀಯ ದನಗಳು ಕೆಂಪು ಮೂತ್ರ ಹೊಯ್ದು ಸಾಯುತ್ತಿದ್ದವು. ಇದಕ್ಕೆ ಉಣ್ಣಿಯೇ ಕಾರಣ ಎಂದು ದನಗಾರರು ಹೇಳುತ್ತಿದ್ದರು, ಓದಿದವರು ನಂಬಲಿಲ್ಲ. ಥಿಯೋಬಾಲ್ಡ್ ಸ್ಮಿತ್ ಮತ್ತು ಫ್ರೆಡ್ರಿಕ್ ಕಿಲ್ಬೋರ್ನ್ ಎಂಬ ಇಬ್ಬರು ಸಂಶೋಧಕರು ದನಗಾರರ ಮಾತನ್ನು ಗಂಭೀರವಾಗಿ ತೆಗೆದುಕೊಂಡು ವರ್ಷಗಟ್ಟಲೆ ಹೊಲದಲ್ಲೇ ಪ್ರಯೋಗ ಮಾಡಿದರು. ಉಣ್ಣಿ ಇದ್ದ ದನದ ಜೊತೆ ಕಟ್ಟಿದ ದನಕ್ಕೆ ರೋಗ ಬಂತು. ಉಣ್ಣಿಗಳನ್ನು ಒಂದೊಂದಾಗಿ ಆರಿಸಿ ತೆಗೆದ ದನದ ಜೊತೆ ಕಟ್ಟಿದಾಗ ಬರಲಿಲ್ಲ. 1893ರಲ್ಲಿ ಅವರು ಜಗತ್ತಿಗೆ ಸಾರಿದ್ದು ಇದು: ರೋಗ ಹೊತ್ತೊಯ್ಯುವುದು ಉಣ್ಣಿ. ಅದಕ್ಕಿಂತಲೂ ಮೈ ಜುಮ್ಮೆನ್ನುವ ಸಂಗತಿಯೆಂದರೆ, ರೋಗವಿದ್ದ ತಾಯಿ ಉಣ್ಣಿಯ ಮೊಟ್ಟೆಯಿಂದ ಹೊರಬಂದ ಮರಿ, ಯಾವ ದನವನ್ನೂ ಇನ್ನೂ ಕಚ್ಚದ ಮರಿ, ಹುಟ್ಟುವಾಗಲೇ ರೋಗಾಣುವನ್ನು ಹೊತ್ತು ತಂದಿತ್ತು! ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕಂಡದ್ದು 1897ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲೇ ಉಣ್ಣಿ ಆ ಪಾಠ ಹೇಳಿಕೊಟ್ಟಿತ್ತು.

ಆ ಕೆಂಪು ಮೂತ್ರದ ರೋಗವನ್ನೇ ಇಂದು ನಮ್ಮ ಪಶುವೈದ್ಯರು ಬಬೇಸಿಯೋಸಿಸ್ ಎನ್ನುತ್ತಾರೆ. ಜೊತೆಗೆ ಥೈಲೇರಿಯೋಸಿಸ್ ಇದೆ, ಹಯಲೊಮ್ಮ ಎಂಬ ಬೇರೆ ಉಣ್ಣಿ ಹರಡುವಂಥದ್ದು: ಸುಡುವ ಜ್ವರ, ಭುಜದ ಮುಂದೆ ಮತ್ತು ಕಿವಿಯ ಕೆಳಗೆ ಗಂಟು, ಇದ್ದಕ್ಕಿದ್ದಂತೆ ಇಳಿಯುವ ಹಾಲು. ಕಿಲಾರಿ ದನಕ್ಕೆ ಸಾವಿರಾರು ವರ್ಷಗಳ ಸಹವಾಸದಿಂದ ಬಂದ ತಾಳಿಕೆಯಿದೆ. ಎಚ್‌ಎಫ್, ಜರ್ಸಿ ಮಿಶ್ರತಳಿಗೆ ಅದಿಲ್ಲ. ಹಾಲಿನ ಬಿಲ್ಲಿನ ಮೇಲೆ ಮನೆ ನಡೆಸುವ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಕುಟುಂಬಕ್ಕೆ ಒಂದು ಆಕಳು ಮಲಗಿತೆಂದರೆ ಏನೆಂದು ಹೇಳಬೇಕಾಗಿಲ್ಲ. ದೀಪಾವಳಿ ಕಳೆದು ಕಬ್ಬಿನ ಹಂಗಾಮು ಶುರುವಾದರೆ ಕಬ್ಬು ಕಡಿಯುವ ಗ್ಯಾಂಗಿನವರ ಎತ್ತುಗಳು ಊರೂರು ದಾಟಿ ಬರುತ್ತವೆ. ಮಾಘದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆಗೆ ಚಕ್ಕಡಿಗಳು ಸಾಲುಗಟ್ಟುತ್ತವೆ. ಎತ್ತಿನ ಜೊತೆ ಉಣ್ಣಿಯೂ ಪ್ರಯಾಣ ಮಾಡುತ್ತದೆ.

ಇಲ್ಲಿಯವರೆಗಿನದು ಬಯಲಿನ ಉಣ್ಣಿಯ ಮಾತು. ಇನ್ನು ದೂಧಗಂಗೆಯ ಹರಿವಿಗೆ ಎದುರಾಗಿ ಮನಸ್ಸಿನಲ್ಲೇ ಮೇಲಕ್ಕೆ ನಡೆಯಿರಿ. ಏಕಸಂಬಿಯ ಮಗ್ಗುಲಲ್ಲಿ ಹರಿದು ಮುಂದೆ ಕೃಷ್ಣೆಗೆ ಸೇರುವ ಈ ಹೊಳೆ ಹುಟ್ಟುವುದು ಸಹ್ಯಾದ್ರಿಯಲ್ಲಿ. ಅದೇ ಸಹ್ಯಾದ್ರಿಯ ಬೆನ್ನು ಹಿಡಿದು ದಕ್ಷಿಣಕ್ಕೆ ಹೋದರೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕು, ಕ್ಯಾಸನೂರು ಕಾಡು. ಉಣ್ಣಿಯನ್ನು ಅಲ್ಲಿ ಉಣುಗು ಎನ್ನುತ್ತಾರೆ.

1957ರ ಮಾರ್ಚ್. ಆ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಪ್ಪು ಮೂತಿಯ ಮುಸಿಯಗಳು, ಕೆಂಪು ಮೂತಿಯ ಮಂಗಗಳು ಮರದಿಂದ ಜಾರಿ ಬಿದ್ದು ಸತ್ತವು. ಹಿಂದೆಯೇ ಅಂಚಿನ ಹಳ್ಳಿಗಳಲ್ಲಿ ಜನರಿಗೆ ಜ್ವರ: ಹಣೆ ಸಿಡಿಯುವ ತಲೆನೋವು, ಸೊಂಟ ಮುರಿಯುವ ಮೈಕೈ ನೋವು, ಕೆಲವರಿಗೆ ಮೂಗು ವಸಡುಗಳಲ್ಲಿ ರಕ್ತ. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿದಾಗ ಅಲ್ಲಿದ್ದವರ ಎದೆ ಧಸಕ್ಕೆಂದಿರಬೇಕು. ಮಂಗ ಸಾಯುತ್ತದೆ, ಮನುಷ್ಯನಿಗೂ ಜ್ವರ ಬರುತ್ತದೆ ಎಂದರೆ ಅದು ಹಳದಿ ಜ್ವರದ ಲಕ್ಷಣ. ಏಷ್ಯಾಕ್ಕೆ ಅಲ್ಲಿಯವರೆಗೆ ಕಾಲಿಡದ ಆ ಜ್ವರ ಬಂದೇ ಬಿಟ್ಟಿತೇ? ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಂಗಾತಿಗಳು ಕಾಡಿಗೆ ಬಂದರು. ಸಾಯುತ್ತಿದ್ದ ಮುಸಿಯವೊಂದರಿಂದ ವೈರಸ್ಸನ್ನು ಬೇರ್ಪಡಿಸಿದರು. ಹಳದಿ ಜ್ವರವಲ್ಲ! ಹಾಗಾದರೆ ಏನು? ಹೋಲಿಕೆ ಸಿಕ್ಕಿದ್ದು ಯಾವುದರ ಜೊತೆ ಗೊತ್ತೇ? ಸಾವಿರಾರು ಮೈಲಿ ದೂರದ ಹಿಮದ ನಾಡು ರಷ್ಯಾದಲ್ಲಿ, ಅಲ್ಲಿನ ಕಾಡಿನ ಉಣ್ಣಿಗಳು ಹರಡುವ ಮೆದುಳು ಜ್ವರದ ವೈರಸ್ಸಿನ ಜೊತೆ!

ಸೈಬೀರಿಯಾ ಎಲ್ಲಿ, ಸೊರಬ ಎಲ್ಲಿ! ಈ ನಂಟನ್ನು ಹೊತ್ತು ತಂದವರು ಯಾರು? ಪ್ರತಿ ಚಳಿಗಾಲಕ್ಕೆ ಉತ್ತರದಿಂದ ಹಾರಿ ಬರುವ ವಲಸೆ ಹಕ್ಕಿಗಳ ಮೇಲೆ ಸಂಶಯ ಬಂತು. ಅದನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸಕ್ಕೆ ಕೈಹಾಕಿತು. ಭಾರತದ ವಲಸೆ ಹಕ್ಕಿಗಳ ದಾರಿಯ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ಬಹಳಷ್ಟು ಹೊರಬಂದದ್ದು ಮಲೆನಾಡಿನ ಒಂದು ಉಣುಗಿನ ಬೆನ್ನು ಹತ್ತಿದ್ದರಿಂದ. ಇದನ್ನು ನೆನೆದಾಗಲೆಲ್ಲ ನನಗೆ ಹೊಸದಾಗಿ ಆಶ್ಚರ್ಯವಾಗುತ್ತದೆ. ಸೈಬೀರಿಯಾದಿಂದ ಹಕ್ಕಿಗಳೇ ವೈರಸ್ ತಂದವೆಂಬುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ. ಮುಂದೆ 1990ರ ದಶಕದಲ್ಲಿ ಈ ವೈರಸ್ಸಿನ ಇನ್ನೂ ಹತ್ತಿರದ ಸೋದರ ಸಿಕ್ಕಿದ್ದು ಸೌದಿ ಅರೇಬಿಯಾದಲ್ಲಿ, ಅಲ್ಖುರ್ಮಾ ಎಂಬ ಹೆಸರಿನಲ್ಲಿ. ಕತೆ ಇನ್ನೂ ಮುಗಿದಿಲ್ಲ.

ಕಾಡಿನ ನೆಲದ ಮೇಲೆ ಬಿಳಿ ಬಟ್ಟೆ ಎಳೆಯುತ್ತಾ ಅದಕ್ಕೆ ಹತ್ತಿದ ಉಣುಗುಗಳನ್ನು ಎಣಿಸುತ್ತಾ ವಿಜ್ಞಾನಿಗಳು ವರ್ಷಗಳನ್ನೇ ಕಳೆದರು. ವಿಜ್ಞಾನ ಅಲ್ಲಿಯವರೆಗೆ ಹೆಸರಿಡದ ಒಂದು ಉಣುಗೇ ಅಲ್ಲಿ ಸಿಕ್ಕಿ, 1964ರಲ್ಲಿ ಅದಕ್ಕೆ ಹೀಮಫೈಸಾಲಿಸ್ ಕ್ಯಾಸನೂರೆನ್ಸಿಸ್ ಎಂದು ಆ ಕಾಡಿನ ಹೆಸರನ್ನೇ ಇಟ್ಟರು! ಆದರೆ ರೋಗದ ಮುಖ್ಯ ವಾಹಕ ಅದಲ್ಲ, ಅದರ ಬಳಗದ ಹೀಮಫೈಸಾಲಿಸ್ ಸ್ಪಿನಿಜೆರಾ. ಇದಕ್ಕೆ ಕಣ್ಣೇ ಇಲ್ಲ. ಆದರೂ ಇದು ಕಾಲವನ್ನು ಓದುತ್ತದೆ.

ನಮ್ಮ ರೈತರಿಗೆ ಮಳೆಯ ನಕ್ಷತ್ರಗಳಲ್ಲಿ ಹೇಳಿದರೆ ಹೆಚ್ಚು ತಿಳಿಯುತ್ತದೆ. ಮೃಗಶಿರಾ, ಆರಿದ್ರಾ ಮಳೆ ನೆಲ ನೆನೆಸಿದ ಮೇಲೆ ಬಲಿತ ಉಣುಗು ಎಚ್ಚರಗೊಂಡು ಮೇಯಲು ಬರುವ ದನಗಳಿಗೆ ಹತ್ತುತ್ತದೆ. ಮಳೆಗಾಲದ ಉದ್ದಕ್ಕೂ ದನದ ರಕ್ತ ಕುಡಿದು, ದನದ ಹಾದಿಯುದ್ದಕ್ಕೂ ಉದುರಿ, ತೇವದ ದರಗಿನ, ಅಂದರೆ ಉದುರಿದ ಎಲೆಗಳ, ಕೆಳಗೆ ಮೊಟ್ಟೆ ಇಡುತ್ತದೆ. ಚಿತ್ತೆ, ಸ್ವಾತಿ ಮಳೆಯ ಹೊತ್ತಿಗೆ ಆರು ಕಾಲಿನ ಮರಿಗಳು ಹೊರಟು ಇಲಿ, ಹೆಗ್ಗಣ, ಸುಂಡಿಲಿ, ನೆಲ ಕೆದಕಿ ತಿನ್ನುವ ಹಕ್ಕಿಗಳಿಗೆ ಅಂಟಿಕೊಳ್ಳುತ್ತವೆ. ಆ ಪುಟ್ಟ ಪ್ರಾಣಿಗಳ ರಕ್ತದಲ್ಲಿ ವೈರಸ್ ಇದ್ದರೆ ಮರಿಯ ಹೊಟ್ಟೆ ಸೇರುತ್ತದೆ. ಮರಿ ಪೊರೆ ಬಿಟ್ಟು ಎಂಟು ಕಾಲಿನ ಎರಡನೇ ಹಂತಕ್ಕೆ, ನಿಂಫ್ ಆಗಿ, ಬದಲಾಗುತ್ತದೆ. ಮೈಯೇ ಬದಲಾದರೂ ವೈರಸ್ ಕಳೆದುಹೋಗುವುದಿಲ್ಲ! ಕಾರ್ತಿಕ ಕಳೆದು ಪುಷ್ಯ, ಮಾಘ, ಫಾಲ್ಗುಣದಲ್ಲಿ ಕಾಡಿನ ನೆಲದ ತುಂಬಾ ಈ ನಿಂಫ್‌ಗಳೇ. ಎಳ್ಳಿಗಿಂತ ಚಿಕ್ಕವು, ಕಣ್ಣಿಗೆ ಬೀಳದಂಥವು, ಮನುಷ್ಯನನ್ನು ಕಚ್ಚಲು ಹಿಂದೆ ಮುಂದೆ ನೋಡದವು. ಮುಂಗಾರು ಬಂದರೆ ಇವುಗಳ ಕಾಲ ಮುಗಿಯಿತು, ಬಲಿತ ಉಣುಗಿನ ಕಾಲ ಮತ್ತೆ ಮೊದಲಾಯಿತು.

ಇನ್ನೊಂದು ಪಂಚಾಂಗವನ್ನು ಇದರ ಪಕ್ಕದಲ್ಲಿಡಿ, ಮಲೆನಾಡಿನ ಮನುಷ್ಯನದು. ಮಳೆಗಾಲದಲ್ಲಿ ಕಾಡಿಗೆ ಹೋಗುವವರು ಕಡಿಮೆ. ಸುಗ್ಗಿ ಮುಗಿದ ಮೇಲೆ, ಡಿಸೆಂಬರಿನಿಂದ ಬೇಸಿಗೆಯವರೆಗೆ, ಕೊಟ್ಟಿಗೆಗೆ ಹಾಸಲು ದರಗು ಗುಡಿಸುವುದು, ಸೊಪ್ಪು ತರುವುದು, ಕಟ್ಟಿಗೆ ಒಟ್ಟುವುದು, ಜೇನು ಕೀಳುವುದು. ದರಗಿನ ಹೊರೆ ತಲೆಯ ಮೇಲೆ, ಅದರೊಳಗೆ ನಿಂಫ್! ರೋಗ ಡಿಸೆಂಬರಿನಲ್ಲಿ ತಲೆಯೆತ್ತಿ ಜನವರಿಯಿಂದ ಏಪ್ರಿಲ್‌ವರೆಗೆ ಏರಿ ಮಳೆಗೆ ಅಡಗುವುದರ ಗುಟ್ಟು ಇದೇ. ಎರಡು ಪಂಚಾಂಗಗಳು ಅವೇ ತಿಂಗಳುಗಳಲ್ಲಿ ಕೂಡುತ್ತವೆ. ಇಷ್ಟು ಸರಳ, ಇಷ್ಟು ಭಯಂಕರ.

ಈ ಜ್ವರಕ್ಕೆ ಮಂಗನ ಕಾಯಿಲೆ ಎಂದು ಹೆಸರು ಬಂದರೂ ಮಂಗ ನಮಗೆ ಶತ್ರುವಲ್ಲ, ನಮಗಿಂತ ಮೊದಲು ಸಾಯುವ ನತದೃಷ್ಟ ಜೀವ. ಅದನ್ನು ಕಚ್ಚಿದ ಉಣುಗುಗಳು ಅದರ ಮೈ ತಣ್ಣಗಾದ ಕೂಡಲೇ ಕಳಚಿ ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಮಂಗ ಬಿದ್ದ ಆ ಜಾಗವೇ ವಾರಗಟ್ಟಲೆ ಅಪಾಯದ ತಾಣ. ಸತ್ತ ಮಂಗವನ್ನು ಮುಟ್ಟದೆ, ಹತ್ತಿರ ಸುಳಿಯದೆ, ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ಹೇಳಿ ಎನ್ನುವುದು ಇದಕ್ಕೇ. ದನಕ್ಕೆ ಈ ಜ್ವರ ಬರುವುದಿಲ್ಲ, ಆದರೆ ಬಲಿತ ಉಣುಗಿಗೆ ಊಟ ಹಾಕಿ ಸಂಖ್ಯೆ ಬೆಳೆಸುವುದು ದನವೇ. ಕೊಲಂಬಿಯಾದಿಂದ ಬಂದು ಈ ಕಾಡಿನಲ್ಲಿ ದುಡಿದ ಹೋರ್ಹೆ ಬೊಶೆಲ್ 1960ರ ದಶಕದಲ್ಲೇ ಇದನ್ನು ಕಂಡು ಹೇಳಿದ್ದರು: ಕಾಡು ಕಡಿದು ಅಂಚಿನಲ್ಲಿ ಊರು ಬೆಳೆದು ದನ ಒಳಹೊಕ್ಕಂತೆ ಉಣುಗು ಹೆಚ್ಚುತ್ತದೆ. ಎಂದಿನಿಂದಲೋ ಸದ್ದಿಲ್ಲದೆ ಕಾಡಿನೊಳಗೆ ಇದ್ದಿರಬಹುದಾದ ವೈರಸ್ಸಿಗೆ ದಾರಿ ಮಾಡಿಕೊಟ್ಟವರು ನಾವು ಎಂಬುದೇ ನನಗೂ ಸರಿ ಕಾಣುತ್ತದೆ.

ಐವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಜ್ವರ ಶಿವಮೊಗ್ಗ ಮತ್ತು ಅದರ ಅಕ್ಕಪಕ್ಕದ ಜಿಲ್ಲೆಗಳಲ್ಲೇ ಸುತ್ತುತ್ತಿತ್ತು. 2012ರ ಕೊನೆಗೆ ಬಂಡೀಪುರದಲ್ಲಿ ಮಂಗಗಳು ಸತ್ತವು. ಮರುವರ್ಷ ಕೇರಳದ ವಯನಾಡು. 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕು. 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದ ದೋಡಾಮಾರ್ಗ. 2019ರಲ್ಲಿ ಮತ್ತೆ ಶಿವಮೊಗ್ಗದ್ದೇ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವಿನ ಮೇಲೆ ಸಾವು. ಈಗ ನಕ್ಷೆ ತೆಗೆದು ನೋಡಿ, ಗೋವಾ ಮತ್ತು ಸಿಂಧುದುರ್ಗದ ಮಗ್ಗುಲಿಗೇ ಇರುವುದು ನಮ್ಮ ಬೆಳಗಾವಿ ಜಿಲ್ಲೆ! 2016ರಲ್ಲಿ ಗೋವಾದ ಗೇರುತೋಟಗಳಿಗೆ ದುಡಿಯಲು ಹೋಗಿದ್ದ ಬೆಳಗಾವಿ ಕಡೆಯ ಕೂಲಿಕಾರರಲ್ಲಿ ಈ ಜ್ವರ ಪತ್ತೆಯಾಯಿತು. ಗೇರು ಹಣ್ಣಾಗುವುದು, ನೆಲದಿಂದ ಬೀಜ ಆರಿಸುವುದು ಯಾವ ತಿಂಗಳಲ್ಲಿ? ಫೆಬ್ರುವರಿಯಿಂದ ಮೇ. ನಿಂಫ್‌ಗಳ ತಿಂಗಳು.

ಏಕಸಂಬಿಯ ಸುತ್ತ ಕಬ್ಬು, ತಂಬಾಕು, ಸೋಯಾ. ಅಂಥ ಕಾಡಿಲ್ಲ. ಮಂಗನ ಕಾಯಿಲೆ ಇಲ್ಲಿ ಮನೆ ಮಾಡುವಂಥ ನೆಲ ಇದಲ್ಲ, ಸುಮ್ಮನೆ ಹೆದರಬೇಕಾಗಿಲ್ಲ. ಆದರೆ ದುಡಿಮೆಗೆಂದು ಘಟ್ಟಕ್ಕೆ, ಗೋವಾಕ್ಕೆ, ಕೊಂಕಣಕ್ಕೆ ಹೋಗುವ ಕೈಗಳು ಇಲ್ಲಿವೆ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ ಬರುತ್ತದೆ, ಅಂದರೆ ಊರಿಗೆ ಮರಳಿದ ಮೇಲೂ ಬರಬಹುದು. ಆಗ ‘ಎಲ್ಲಿಗೆ ಹೋಗಿದ್ದಿ?’ ಎಂಬ ಒಂದು ಪ್ರಶ್ನೆಯನ್ನು ವೈದ್ಯರು ಕೇಳಬೇಕು, ಕೇಳದಿದ್ದರೆ ನಾವೇ ಹೇಳಬೇಕು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಸುಮ್ಮನಿದ್ದು ಮತ್ತೆ ಬಂದು ಮೆದುಳಿಗೆ ಹತ್ತುತ್ತದೆ. ನೂರರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ, ಹಾಗಾಗಿ ರೋಗಿಯನ್ನು ದೂರವಿಡುವ ಕಾರಣವೇ ಇಲ್ಲ. ಇದಕ್ಕೆಂದೇ ಮೀಸಲಾದ ಔಷಧಿಯೂ ಇಲ್ಲ. ನೀರಿನಂಶ ಕಾಯುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು, ಬೇಗ ಆಸ್ಪತ್ರೆ ಸೇರುವುದು, ಇಷ್ಟೇ. ದಶಕಗಳ ಕಾಲ ಮಲೆನಾಡಿನಲ್ಲಿ ಕೊಟ್ಟ ಲಸಿಕೆಯ ಬಲ ಸಾಲದೆಂದು 2022ರಲ್ಲಿ ನಿಲ್ಲಿಸಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸದರ ತಯಾರಿಯಲ್ಲಿದೆ. ಆ ಲಸಿಕೆ ಬೇಗ ಬರಲಿ. ಅರವತ್ತು ವರ್ಷ ದಾಟಿದ ರೋಗಕ್ಕೆ ಒಳ್ಳೆಯ ಲಸಿಕೆ ಇಲ್ಲದಿರುವುದು, ಸಾಯುವವರು ದರಗು ಗುಡಿಸುವ ಬಡವರಾದ್ದರಿಂದಲೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಉಣ್ಣಿಯ ಪಂಚಾಂಗ. ಮನೆಯವರೋ ನೆರೆಯವರೋ ಡಿಸೆಂಬರಿನಿಂದ ಮೇವರೆಗೆ ಘಟ್ಟದ ಕೆಲಸಕ್ಕೆ ಹೊರಟರೆ ಹೇಳಿ: ತೋಳು ಕಾಲು ಮುಚ್ಚುವ ಬಟ್ಟೆ ಹಾಕಲಿ, ಮಲೆನಾಡಿನಲ್ಲಿ ಆರೋಗ್ಯ ಕಾರ್ಯಕರ್ತೆಯರು ಹಂಚುವ, ಉಣುಗನ್ನು ದೂರವಿಡುವ ಡೀಪಾ ತೈಲವನ್ನು ಕೈಕಾಲಿಗೆ ಸವರಿಕೊಳ್ಳಲಿ, ಸಂಜೆ ಬಂದೊಡನೆ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಲಿ. ನಮ್ಮ ಕೊಟ್ಟಿಗೆಯಲ್ಲಿ ಮುಂಗಾರಿಗೆ ಮೊದಲೇ ಗೋಡೆಯ ಬಿರುಕು ಮುಚ್ಚಿ ಸುಣ್ಣ ಬಳಿಯಿರಿ. ಒಂದೇ ಔಷಧಿಯನ್ನು ವರ್ಷಗಟ್ಟಲೆ ಹೊಡೆದರೆ ಉಣ್ಣಿ ಅದಕ್ಕೆ ಒಗ್ಗಿಕೊಳ್ಳುತ್ತದೆ, ಆದ್ದರಿಂದ ಯಾವುದು, ಎಷ್ಟು, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಪಶುವೈದ್ಯರಿಂದ ಕೇಳಿಕೊಳ್ಳಿ. ತಂಬಾಕಿನ ನೀರು ಬಳಿಯುವ ಹಳೆಯ ರೂಢಿ ಬೇಡ, ಪ್ರಮಾಣ ತಪ್ಪಿದರೆ ದನಕ್ಕೇ ವಿಷ. ಉಣ್ಣಿಯನ್ನು ಉಗುರಿನಿಂದ ಚಿವುಟಿ ಒಡೆಯುವ ಚಾಳಿಯನ್ನಂತೂ ಇವತ್ತೇ ಬಿಡಿ. 2011ರಲ್ಲಿ ಗುಜರಾತಿನ ಅಹಮದಾಬಾದ್ ಬಳಿ ಕಾಣಿಸಿಕೊಂಡ ಕಾಂಗೋ ಜ್ವರ ದನದ ಉಣ್ಣಿಯಿಂದ, ಅದರ ರಸದಿಂದ ಮನುಷ್ಯನಿಗೆ ಬರುವಂಥದ್ದು. ಮೈಗೆ ಹತ್ತಿದ ಉಣ್ಣಿಗೆ ಸೀಮೆಎಣ್ಣೆ, ಬೀಡಿಯ ಬೆಂಕಿ ತಾಗಿಸಬೇಡಿ. ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರಕ್ಕೆ ಎಳೆದು ತೆಗೆದು ಕೈ ತೊಳೆಯಿರಿ. ಘಟ್ಟದ ಕಡೆಯಿಂದ ಬಂದವರಿಗೆ ಎಂಟು ಹತ್ತು ದಿನದೊಳಗೆ ಜ್ವರ ಬಂದರೆ ಅಂಗಡಿಯ ಗುಳಿಗೆ ನುಂಗಿ ಮಲಗಬೇಡಿ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಲ್ಲಿ ದುಡಿದಿರಿ ಎಂಬುದನ್ನು ಹೇಳಿ.